ಮೊಳೆಯ ತೂತು, ಮೂರು ಕಿಲೋಮೀಟರು

ಮೂಕಂಡಪಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಕಾರು ಓಡಿಸುವವರಿಗೆ ರಸ್ತೆಯ ಮೇಲಿನ ಮೊಳೆ, ತಿರುಪು, ಕಬ್ಬಿಣದ ಸುರುಳಿಚೂರುಗಳು ಹೊಸವಲ್ಲ. ಲೇತ್ ಯಂತ್ರಗಳಿಂದ ಉದುರಿದ ಚೂರುಗಳನ್ನು ತುಂಬಿಕೊಂಡು ಹೋಗುವ ಟೆಂಪೋಗಳು ಹಳ್ಳದಲ್ಲಿ ಕುಲುಕಿದಾಗಲೆಲ್ಲ ಒಂದಿಷ್ಟನ್ನು ನಮಗಾಗಿ ಬಿಟ್ಟೇ ಮುಂದೆ ಸಾಗುತ್ತವೆ. ಕಳೆದ ತಿಂಗಳು ಮಕ್ಕಳಿಬ್ಬರನ್ನು ಶಾಲೆಗೆ ಬಿಡಲು ಹೊರಟಿದ್ದಾಗ ಅಂಥದೇ ಒಂದು ತಿರುಪು ನಮ್ಮ ಕಾರಿನ ಹಿಂದಿನ ಎಡ ಚಕ್ರಕ್ಕೆ ನೆಟ್ಟುಕೊಂಡಿತು.

"ಅಪ್ಪಾ, ಕಾರು ಕುಂಟ್ತಾ ಇದೆ" ಎಂದು ಮಗಳು ಹೇಳಿದಳು. ಶಾಲೆಯ ಗಂಟೆಗೆ ಹತ್ತು ನಿಮಿಷವಿತ್ತು. ಅಂದೇ ಕೃಷ್ಣಗಿರಿಯ ನ್ಯಾಯಾಲಯದಲ್ಲಿ ನನಗೊಂದು ವಿಚಾರಣೆಯಿತ್ತು. ಇಳಿದು ಸ್ಟೆಪ್ನಿ ಬದಲಿಸುವ ತಾಳ್ಮೆ ಇಲ್ಲದೆ, ಗಾಳಿಯಿಳಿದ ಚಕ್ರದಲ್ಲೇ ಮೂರು ಕಿಲೋಮೀಟರು ಓಡಿಸಿ ಮಕ್ಕಳನ್ನು ಇಳಿಸಿ ಪಂಕ್ಚರ್ ಅಂಗಡಿಗೆ ಹೋದೆ.

ಅಂಗಡಿಯವರು ತಿರುಪನ್ನು ಕಿತ್ತರು. ತೂತು ಟೈರಿನ ನಡುಮಧ್ಯದಲ್ಲಿತ್ತು, ಬಹಳ ಸಣ್ಣದು. ನನಗೆ ಸಮಾಧಾನವಾಯಿತು. ಬತ್ತಿ ಹಾಕಿಬಿಡಿ, ಹೊರಡುತ್ತೇನೆ ಎಂದೆ. ಅವರು ಕೆಲಸ ನಿಲ್ಲಿಸಿ, "ಎಷ್ಟು ದೂರ ಓಡಿಸ್ಕೊಂಡು ಬಂದ್ರಿ ಸಾರ್?" ಎಂದು ಕೇಳಿದರು. ಅಡ್ಡ ಸವಾಲಿನಲ್ಲಿ ಸಿಕ್ಕಿಬಿದ್ದ ಸಾಕ್ಷಿಯಂತೆ ನಿಜ ಹೇಳಿದೆ. ಅವರು ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಮೈ ತೋರಿಸಿದರು. ಪಕ್ಕದ ಗೋಡೆಯ ಒಳಭಾಗದಲ್ಲಿ ಸುತ್ತಲೂ ರಬ್ಬರು ಸವೆದು ಕಪ್ಪು ಪುಡಿಯಾಗಿ ಉದುರಿತ್ತು. ಒಂದೆಡೆ ನೂಲೇ ಕಾಣುತ್ತಿತ್ತು. "ತೂತು ಮುಚ್ಚಬೌದು. ಗೋಡೆಗೆ ಏನ್ ಮಾಡ್ಲಿ? ಹೈವೇಲಿ ಹೋಗೋರು ನೀವು, ಮಕ್ಳು ಬೇರೆ ಇರ್ತಾರೆ."

ಅವರ ಮಾತಿನ ತಥ್ಯವನ್ನು ಅರಿಯಲು ಟೈರಿನ ರಚನೆಯನ್ನು ತುಸು ತಿಳಿಯಬೇಕು. ನೆಲ ಮುಟ್ಟುವ ಪಟ್ಟಿಯ ಕೆಳಗೆ ಉಕ್ಕಿನ ತಂತಿಯ ಹೆಣಿಗೆಯಿರುವುದರಿಂದ ಅಲ್ಲಿನ ಸಣ್ಣ ತೂತನ್ನು ಮುಚ್ಚಬಹುದು. ಪಕ್ಕದ ಗೋಡೆಗೆ ಆ ಬಲವಿಲ್ಲ. ಚಕ್ರದ ಪ್ರತಿ ಸುತ್ತಿನಲ್ಲಿಯೂ ಅದು ಬಾಗಿ ನೆಟ್ಟಗಾಗುತ್ತಿರುತ್ತದೆ, ಅಲ್ಲಿ ಹಚ್ಚಿದ ತೇಪೆ ನಿಲ್ಲದು. ಪಟ್ಟಿಯು ಗೋಡೆಗೆ ಹೊರಳುವ ಅಂಚಿನ ಗತಿಯೂ ಅಷ್ಟೆ. ಅಮೆರಿಕದ ಟೈರು ತಯಾರಕರ ಸಂಘದ ಸೂಚನೆಯಂತೆ, ಪಟ್ಟಿಯಲ್ಲಿರುವ 6 ಮಿಲಿಮೀಟರಿಗೆ ಮೀರದ ತೂತು ಮಾತ್ರ ದುರಸ್ತಿಗೆ ಯೋಗ್ಯ. ಅದನ್ನೂ ಟೈರು ಬಿಚ್ಚಿ ಒಳಗೆ ಪರೀಕ್ಷಿಸಿದ ಮೇಲೆ, ತೂತು ತುಂಬುವ ಬೆಣೆ ಮತ್ತು ಒಳಮೈಗೆ ಅಂಟುವ ತೇಪೆ ಎರಡನ್ನೂ ಬಳಸಿ ಮಾಡಬೇಕು. ಎರಡೂ ಕೂಡಿದ ಅಣಬೆಯಾಕಾರದ ಈ ವಸ್ತುವನ್ನೇ ಅಂಗಡಿಗಳಲ್ಲಿ ಮಶ್ರೂಮ್ ಪ್ಯಾಚ್ ಎನ್ನುವುದು. ಹೊರಗಿನಿಂದ ತುರುಕುವ ರಬ್ಬರು ಬತ್ತಿ ಮನೆ ಸೇರಿಸುವ ತಾತ್ಕಾಲಿಕ ಉಪಾಯ. ಬತ್ತಿ ಹಾಕಿಸಿ ವರ್ಷಗಟ್ಟಲೆ ಓಡಿಸಿದವರಲ್ಲಿ ನಾನೂ ಒಬ್ಬ.

ಗಾಳಿಯಿಲ್ಲದೆ ಓಡಿದಾಗ ಕಾರಿನ ಭಾರವೆಲ್ಲ ಮಡಚಿದ ಗೋಡೆಯ ಮೇಲೆ ಬಿದ್ದು, ಅದು ರಿಮ್ಮಿಗೂ ನೆಲಕ್ಕೂ ನಡುವೆ ಅರೆಯಲ್ಪಡುತ್ತದೆ. ಹೊರಗೆ ಏನೂ ಕಾಣದು. ಮತ್ತೆ ಗಾಳಿ ತುಂಬಿಸಿದರೆ ಟೈರು ಗುಂಡಗೆ ನಿಲ್ಲುತ್ತದೆ. ಶೂಲಗಿರಿ ದಾಟಿ, ಬಿಸಿಲಿಗೆ ಕಾದ ಹೆದ್ದಾರಿಯಲ್ಲಿ ಸಿಡಿಯಲೂಬಹುದು. ಚಿಲ್ಲರೆ ಕಾಸಿಗೆ ಮುಗಿಯಬೇಕಿದ್ದ ದುರಸ್ತಿಯನ್ನು ಹೊಸ ಟೈರಿನ ಖರ್ಚಾಗಿ ಮಾಡಿದ್ದು ತಿರುಪಲ್ಲ, ನನ್ನ ಅವಸರ.

ವೃತ್ತಿಯ ಚಟದಿಂದ ಕಾನೂನನ್ನೂ ಹೇಳಿಬಿಡುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 94ನೆಯದು ಟೈರಿನ ಸ್ಥಿತಿಗೆ ಸಂಬಂಧಿಸಿದ್ದು. ಸವೆದು ಒಳನೂಲು ಕಂಡರೆ ಅಥವಾ ಎಲ್ಲಾದರೂ ಉಬ್ಬಿಕೊಂಡಿದ್ದರೆ ಅದು ಸುಸ್ಥಿತಿಯ ಟೈರಲ್ಲ. ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಕಡಿಮೆಯಾಗಬಾರದು. ಗೀರಿನ ತಳದಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ದಿಣ್ಣೆಗಳ ಮಟ್ಟಕ್ಕೆ ಪಟ್ಟಿ ಸವೆದಿದ್ದರೆ ಪಂಕ್ಚರಿಗೆ ಹಣ ಸುರಿಯುವುದೇ ವ್ಯರ್ಥ. ಅಪಘಾತದ ಪ್ರಕರಣವೊಂದರಲ್ಲಿ ವಿಮಾ ಕಂಪನಿಯು, ಟೈರು ಸಿಡಿದದ್ದು ದೈವಕೃತ್ಯ, ಅದಕ್ಕೆ ಯಾರೂ ಹೊಣೆಯಲ್ಲ ಎಂದು ವಾದಿಸಿತ್ತು. 2023ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಒಪ್ಪದೆ, ಟೈರಿನ ಸ್ಥಿತಿಯನ್ನು ನೋಡಿಕೊಳ್ಳದಿರುವುದು ಮನುಷ್ಯನ ನಿರ್ಲಕ್ಷ್ಯವೆಂದೇ ಪರಿಗಣಿಸಿತು. ನೂಲು ಕಂಡ ಟೈರಿಗೆ ಬತ್ತಿ ಹಾಕಿಸಿ ಹೊರಡುವವನು ದೇವರ ಮೇಲೆ ಭಾರ ಹಾಕುವಂತಿಲ್ಲ. ವಿಮೆಯನ್ನೂ ನೆಚ್ಚುವಂತಿಲ್ಲ: ಸಾಮಾನ್ಯ ಸಮಗ್ರ ವಿಮೆಯಲ್ಲಿ ಟೈರು ಮಾತ್ರ ಹಾಳಾದರೆ ಪರಿಹಾರವಿಲ್ಲ; ಅದೇ ವೇಳೆ ವಾಹನಕ್ಕೂ ಹಾನಿಯಾಗಿದ್ದರೆ ಟೈರಿನ ಬೆಲೆಯಲ್ಲಿ ಹೆಚ್ಚೆಂದರೆ ಶೇ. 50.

ಹೊಸ ಟೈರು ಕೊಳ್ಳುವಾಗ ಅಂಗಡಿಯವರು ಅದರ ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಲು ಕಲಿಸಿದರು. 1425 ಎಂದಿದ್ದರೆ ಅದು 2025ರ 14ನೆಯ ವಾರದಲ್ಲಿ ತಯಾರಾದದ್ದು. ಜೊತೆಯ ಬಲ ಟೈರು ಇನ್ನೂ ಹೆಚ್ಚು ಸವೆದಿರಲಿಲ್ಲವಾದ್ದರಿಂದ ಒಂದನ್ನೇ ಕೊಂಡೆ. ಸವೆದಿದ್ದರೆ ಎರಡನ್ನೂ ಬದಲಿಸಬೇಕಿತ್ತು. ಕೃಷ್ಣಗಿರಿಯಲ್ಲಿ ಕಿರಿಯ ಸಹೋದ್ಯೋಗಿಯೊಬ್ಬರು ನನ್ನ ಪರವಾಗಿ ಬೇರೆ ದಿನಾಂಕ ಪಡೆದರು.

ಹಣ ಕೊಟ್ಟು ಹೊರಡುವಾಗ ಅಂಗಡಿಯವರು ಡಿಕ್ಕಿ ತೆಗೆಯಲು ಹೇಳಿದರು. ಸ್ಟೆಪ್ನಿ ಎಂಬ ಈ ಹೆಸರು ವೇಲ್ಸ್ ದೇಶದ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದದ್ದೆಂದು ಎಂದೋ ಓದಿದ್ದನ್ನು ನಾನು ಅವರಿಗೆ ಹೇಳುತ್ತಿದ್ದೆ. ಅವರು ಅದಕ್ಕೆ ಗಾಳಿಮಾಪಕ ಹಚ್ಚಿ ನೋಡಿ, ಇದರಲ್ಲಿ ಗಾಳಿ ನೋಡಿ ಎಷ್ಟು ದಿನವಾಯಿತೆಂದು ಕೇಳಿದರು. ಕಾರು ಕೊಂಡಂದಿನಿಂದ ನೋಡಿಯೇ ಇರಲಿಲ್ಲ.