ಮಾತು ಕನ್ನಡ, ಅಕ್ಷರ ತಮಿಳು: ಕೊಯಮತ್ತೂರು ಸೀಮೆಯ ಮನೆಗನ್ನಡ ಮತ್ತು ಫೋನಿನ ಪರದೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರ ಮನೆಗಳಲ್ಲಿ ಆಡುಮಾತು ಕನ್ನಡ; ಶಾಲೆಯಲ್ಲಿ ಕಲಿತ ಅಕ್ಷರ ಬಹುಮಟ್ಟಿಗೆ ತಮಿಳು. ಸಿರುಮುಗೈಯಲ್ಲಿ ಒಬ್ಬ ಮುದುಕಮ್ಮ ತನ್ನ ಫೋನನ್ನು ನನ್ನ ಕೈಗಿತ್ತು, "ಅಯ್ಯಾ, ನಮ್ಮ ಮಾತು ಕನ್ನಡ ಅಂತ ಅದನ್ನೇ ಒತ್ತಿದೆ. ಈಗ ಒಂದಕ್ಷರಾನೂ ತಿಳೀತಿಲ್ಲ, ವಾಪಸ್ ಹೋಗೋ ದಾರೀನೂ ಕಾಣಲ್ಲ" ಎಂದರು. ಯಂತ್ರ ಭಾಷೆ ಕೇಳಿತು, ಆಕೆ ನಿಜವನ್ನೇ ಹೇಳಿದರು. ದೋಷ ಪ್ರಶ್ನೆಯದು.

ಭಾಷೆ ಬೇರೆ, ಲಿಪಿ ಬೇರೆ. ಸಂಸ್ಕೃತ ಕಲಿಸಿದವನಿಗೆ ಇದು ಹೊಸತಲ್ಲ. ಒಂದೇ ಶ್ಲೋಕವನ್ನು ತಮಿಳುನಾಡಿನಲ್ಲಿ ಗ್ರಂಥಲಿಪಿಯಲ್ಲೂ ಕರ್ನಾಟಕದಲ್ಲಿ ಕನ್ನಡ, ನಂದಿನಾಗರಿಗಳಲ್ಲೂ ಬರೆದರು. ಗಣಕಶಾಸ್ತ್ರವೂ ಇದನ್ನು ಒಪ್ಪಿದೆ: 2006ರಿಂದ ಅಂತರಜಾಲದ ಭಾಷಾಸಂಕೇತಗಳಲ್ಲಿ ಭಾಷೆಯ ಗುರುತಿನೊಡನೆ ಲಿಪಿಯ ಗುರುತನ್ನು ಕೂಡಿಸಿ ‘ತಮಿಳು ಲಿಪಿಯ ಕನ್ನಡ’ ಎಂದು ಸೂಚಿಸಬಹುದು. ಆದರೆ ಆ ಫೋನಿನ ಪಟ್ಟಿಯಲ್ಲಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರು.

ಲಿಪಿ ಬದಲಿಸಿದರೆ ಸಾಕೆ? ತಮಿಳಿನಲ್ಲಿ ಎ–ಏ, ಒ–ಓ ಭೇದವುಂಟು, ಳಕಾರವುಂಟು, ಅಷ್ಟರಮಟ್ಟಿಗೆ ಅನುಕೂಲ. ಆದರೆ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಕನ್ನಡದ ಗಕಾರ ಕೂತಿರುವ ಮನೆ ತಮಿಳಿನ ಸಾಲಿನಲ್ಲಿ ಖಾಲಿ. ಹೀಗಾಗಿ ‘ಗಾಳಿ’ಯೂ ‘ಕಾಳಿ’ಯೂ ಬರೆಹದಲ್ಲಿ ಒಂದೇ ಆಗಿಬಿಡುತ್ತವೆ. ಇದಕ್ಕೆ ಹಳೆಯ ಉಪಾಯವೊಂದಿದೆ. ತಮಿಳು ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಸ್ತೋತ್ರಪುಸ್ತಕಗಳಲ್ಲಿ ಕಕಾರದ ಮಗ್ಗುಲಿಗೆ ಸಣ್ಣದಾಗಿ 2 ಇಟ್ಟರೆ ಖ, 3 ಇಟ್ಟರೆ ಗ, 4 ಇಟ್ಟರೆ ಘ. ಅರ್ಥ ಕೆಡುವಲ್ಲಿ ಮಾತ್ರ ಈ ಅಂಕಿಗಳನ್ನು ಬಳಸಿದರೆ ಓದುವವರಿಗೆ ಭಾರವಾಗದು.

ಇನ್ನು ಪದಗಳ ಮಾತು. ‘ರದ್ದುಗೊಳಿಸಿ’, ‘ಮುಂದುವರಿಸಿ’ ಎಂಬುವು ಕರ್ನಾಟಕದ ಶಾಲೆ, ಕಚೇರಿಗಳಲ್ಲಿ ಬೆಳೆದ ಮಾತುಗಳು. ತಮಿಳು ಶಾಲೆಯಲ್ಲಿ ಓದಿದವರಿಗೆ ಅವು ಲಿಪಿ ಬದಲಿಸಿದರೂ ಅಪರಿಚಿತವೇ. ‘ಬೇಡ’, ‘ಮುಂದೆ’ ಎಂದರೆ ಸಾಲದೇ? ಒತ್ತಿದಾಗ ಅದೇ ಸೀಮೆಯವರ ದನಿಯಲ್ಲಿ ಆ ಮಾತು ಕೇಳಿಸಿದರೆ ಅಕ್ಷರವರಿಯದವರಿಗೂ ದಾರಿಯಾದೀತು. ಈ ಪದಗಳನ್ನೂ ದನಿಗಳನ್ನೂ ಮನೆಮನೆಯಿಂದ ಕೂಡಿಸಿಕೊಡುವುದು ಉಪಭಾಷಾ ಸಂಶೋಧಕರ ಕೆಲಸ.

ಕೊನೆಗೆ ನಾನೇ ಆ ಫೋನನ್ನು ತಮಿಳಿಗೆ ತಿರುಗಿಸಿಕೊಟ್ಟೆ. ಪಕ್ಕದಲ್ಲಿದ್ದ ಮೊಮ್ಮಗ, "ನಮ್ಮ ಮಾತು ಫೋನಲ್ಲಿ ಬರಲ್ಲ ಬಿಡಜ್ಜಿ" ಎಂದ. ಆ ಹುಡುಗ ಹಾಗೆಂದು ನಂಬಿಕೊಂಡೇ ಬೆಳೆದರೆ ನಾಳೆ ತನ್ನ ಮಕ್ಕಳೊಡನೆ ಆ ಮಾತನ್ನು ಯಾಕೆ ಆಡಿಯಾನು? ಆದ್ದರಿಂದ ತಂತ್ರಾಂಶ ಮಾಡುವವರಲ್ಲಿ ನನ್ನ ಬಿನ್ನಹ ಇಷ್ಟೇ: ಒಂದು ಪ್ರಶ್ನೆಯ ಬದಲು ಎರಡು ಕೇಳಿರಿ. ಯಾವ ಮಾತು ಆಡುತ್ತೀರಿ? ಯಾವ ಅಕ್ಷರ ಓದುತ್ತೀರಿ?