ಬಲೆಗೆ ರಕ್ಷೆ ಬೇಡವೆ?

2023ನೆಯ ಇಸವಿ ನವೆಂಬರ್ ತಿಂಗಳಲ್ಲಿ ಗಂಗೊಳ್ಳಿಯ ದಡದಲ್ಲಿದ್ದ ಹಲವು ಮೀನುಗಾರಿಕಾ ದೋಣಿಗಳು ಬೆಂಕಿಗೆ ಆಹುತಿಯಾದುದನ್ನು ವಾಚಕರು ಮರೆತಿರಲಾರರು. ಕಡಲಿನ ಕೋಪವನ್ನರಿತ ಮೀನುಗಾರನಿಗೆ ದಡವೂ ಅಭಯಸ್ಥಾನವಲ್ಲವೆಂಬುದು ಅಂದು ವಿದಿತವಾಯಿತು.

ಮೀನುಗಾರನ ಪ್ರಾಣಕ್ಕೇನೋ ವಿಮೆಯ ಏರ್ಪಾಡಾಗಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮೇರೆಗೆ ಅಪಘಾತದಲ್ಲಿ ಮೃತನಾದವನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಗೊತ್ತುಪಡಿಸಲಾಯಿತು. ಕಂತಿನ ಭಾರವನ್ನು ಸರಕಾರಗಳೇ ಹೊತ್ತವು. ಇದು ಶ್ಲಾಘ್ಯವೇ ಸರಿ. ಆದರೆ ಬದುಕಿ ಉಳಿದವನ ಗತಿಯೇನು? ಸಾಲ ತಂದು ಕೊಂಡ ಬಲೆಯೂ ಎಂಜಿನ್ನೂ ಒಂದೇ ರಾತ್ರಿಯಲ್ಲಿ ಕಳವಾದರೆ, ಸಾಲವೊಂದು ಮಾತ್ರ ಕಳವಾಗುವುದಿಲ್ಲ!

ದೋಣಿಗೆ ವಿಮೆ ಮಾಡಿಸಿದೊಡನೆ ಬಲೆಗೂ ರಕ್ಷೆ ದೊರಕಿತೆಂದು ಭಾವಿಸುವುದು ಪ್ರಮಾದ. ಪತ್ರದಲ್ಲಿ ಬಲೆಯು ಪ್ರತ್ಯೇಕವಾಗಿ ನಮೂದಾಗದಿದ್ದರೆ ಪರಿಹಾರ ಕೈತಪ್ಪಬಹುದು. ಬಳಕೆಯ ಸವೆತಕ್ಕಂತೂ ಪರಿಹಾರವಿಲ್ಲ. ಆದುದರಿಂದ ಕಳವು, ಬೆಂಕಿ, ಬಿರುಗಾಳಿ ಇವು ಮೂರೂ ಸೇರಿವೆಯೇ ಎಂಬುದನ್ನು ಕಂತು ಕಟ್ಟುವ ಮುನ್ನವೇ ಓದಿಸಿ ಕೇಳತಕ್ಕದ್ದು. ಖರೀದಿಯ ರಸೀದಿಯನ್ನೂ ಎಂಜಿನ್ನಿನ ನಂಬರನ್ನೂ ಜೋಪಾನವಾಗಿಡತಕ್ಕದ್ದು. ಕಳವಾದರೆ ತಡಮಾಡದೆ ಪೋಲೀಸು ಠಾಣೆಗೂ ವಿಮಾ ಕಂಪೆನಿಗೂ ದೂರು ಕೊಡತಕ್ಕದ್ದು.

ಹೊಣೆಯೆಲ್ಲವೂ ಮೀನುಗಾರನದೇ ಅಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷಿದ್ಧ. ದೋಣಿಗಳು ದಡದಲ್ಲಿರುವ ಆ ದಿನಗಳಲ್ಲಿ ಅಧಿಕಾರಿಗಳು ಬಂದರಿಗೇ ಹೋಗಿ ವಿಮೆಯ ಷರತ್ತುಗಳನ್ನು ತಿಳಿಗನ್ನಡದಲ್ಲಿ ವಿವರಿಸಬಾರದೇಕೆ? ನಾಡದೋಣಿಯ ಬಡವನ ಬಲೆಯ ಕಂತಿನಲ್ಲಿ ಸರಕಾರವು ಒಂದು ಪಾಲನ್ನು ವಹಿಸಬಾರದೇಕೆ? ಪ್ರಾಣಕ್ಕೆ ಬೆಲೆ ಕಟ್ಟಿದವರು ಆ ಪ್ರಾಣವನ್ನು ಪೊರೆಯುವ ಬಲೆಯನ್ನು ಮರೆಯಬಾರದೆಂಬುದೇ ನಮ್ಮ ಬಿನ್ನಹ.