ಮೂರು ಅಂಗಡಿಯಲ್ಲಿ ಗೆದ್ದ ಲೆಕ್ಕ ಹಾಸನದಲ್ಲಿ ಸೋತಿತು

ನರಕ ಚತುರ್ದಶಿಯ ಬೆಳಿಗ್ಗೆ ಆರೂವರೆ. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ, ಫೋನ್ ರಿಂಗ್ ಆಯ್ತು. ನಮ್ಮ ಹಾಸನದ ಅಂಗಡಿಯ ಮ್ಯಾನೇಜರ್.

“ಮೇಡಂ, ಮೊಸರು ನಲವತ್ತೇ ಪ್ಯಾಕೆಟ್ ಬಂದಿದೆ. ನೀರಿನ ಬಾಟಲಿ ನಿನ್ನೆ ರಾತ್ರಿಯೇ ಖಾಲಿ. ಇಲ್ಲಿ ರೋಡ್ ತುಂಬಾ ಜನ. ಯಾರ್ರೀ ಈ ಲೆಕ್ಕ ಹಾಕಿದ್ದು?”

ಲೆಕ್ಕ ಹಾಕಿದ್ದು ನಾನೇ. ನಾನು ಮತ್ತು ನನ್ನ ಟೀಮ್ ಕಟ್ಟಿದ ಸಿಸ್ಟಮ್.

ಬೆಂಗಳೂರಿನಲ್ಲಿ ಒಂದು ದಿನಸಿ ಅಂಗಡಿಗಳ ಕಂಪನಿಯ ಡೇಟಾ ವಿಭಾಗದಲ್ಲಿ ನನ್ನ ಕೆಲಸ. ನಾಳೆ ಯಾವ ಅಂಗಡಿಗೆ ಎಷ್ಟು ಮೊಸರು, ಬ್ರೆಡ್ಡು, ಸೊಪ್ಪು ಬೇಕು ಅಂತ ಹಿಂದಿನ ದಿನವೇ ಅಂದಾಜು ಮಾಡೋದು ನಮ್ಮ ಪ್ರಾಜೆಕ್ಟ್. ಹೆಚ್ಚು ಕಳಿಸಿದರೆ ಕೊಳೆಯುತ್ತೆ, ಕಡಿಮೆ ಕಳಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ.

ಜಯನಗರ, ಬಸವನಗುಡಿ, ಜೆ.ಪಿ. ನಗರದ ಮೂರು ಅಂಗಡಿಗಳಲ್ಲಿ ಎಂಟು ವಾರ ಟ್ರಯಲ್ ಮಾಡಿದ್ದೆವು. ಹಾಳಾಗುವ ಮಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೀಟಿಂಗ್ ರೂಮಿನಲ್ಲಿ ಚಪ್ಪಾಳೆ, ಕೇಕು. “ಇನ್ನೇನು, ದೀಪಾವಳಿಯೊಳಗೆ ಅರವತ್ತು ಅಂಗಡಿಗೂ ಹಾಕಿಬಿಡಿ” ಅಂದರು ಬಾಸ್. “ಆಗುತ್ತೆ ಸರ್” ಅಂದೆ. ಇವತ್ತಿಗೂ ಆ ಮಾತು ನೆನಪಾದರೆ ಕೈ ಹಿಸುಕಿಕೊಳ್ತೀನಿ.

ಸಿಸ್ಟಮ್‌ಗೆ ಗೊತ್ತಿರದ ಜಾತ್ರೆ

ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆಯೋದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ. ಬಲಿಪಾಡ್ಯಮಿಯ ಹೊತ್ತಿಗೆ ಮತ್ತೆ ಮುಚ್ಚುತ್ತೆ. ಆ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಹಾಸನಕ್ಕೆ ಬರ್ತಾರೆ. ಇದು ನಮ್ಮ ಅಜ್ಜಿಗೂ ಗೊತ್ತು. ನಮ್ಮ ಸಿಸ್ಟಮ್‌ಗೆ ಮಾತ್ರ ಗೊತ್ತಿರಲಿಲ್ಲ.

ಅದು ಕಲಿತದ್ದು ಬೆಂಗಳೂರಿನ ಬಿಲ್‌ಗಳಿಂದ. ಹೊರ ಊರಿನ ಅಂಗಡಿಗಳ ಹಳೆಯ ಬಿಲ್‌ಗಳು ಬೇರೆ ಸಾಫ್ಟ್‌ವೇರ್‌ನಲ್ಲಿದ್ದವು, ತಂದು ಜೋಡಿಸೋಕೆ ಟೈಮ್ ಇರಲಿಲ್ಲ. ದೀಪಾವಳಿಗೆ ಜನ ಬೆಂಗಳೂರು ಬಿಟ್ಟು ಊರಿಗೆ ಹೋಗ್ತಾರೆ, ನಮ್ಮ ಅಂಗಡಿಗಳಲ್ಲಿ ಮೊಸರು, ಬ್ರೆಡ್ಡು ಕಡಿಮೆ ಖರ್ಚಾಗುತ್ತೆ. ಅದೇ ಲೆಕ್ಕದಲ್ಲಿ ಸಿಸ್ಟಮ್ ಹಾಸನದ ಆರ್ಡರನ್ನೂ ಇಳಿಸಿಬಿಟ್ಟಿತು.

ಮ್ಯಾನೇಜರ್ ಹಿಂದಿನ ದಿನವೇ ಆರ್ಡರ್ ಹೆಚ್ಚಿಸಲು ನೋಡಿದ್ದರಂತೆ. ಸ್ಕ್ರೀನಿನಲ್ಲಿ ಆ ಬಟನ್ನೇ ಇರಲಿಲ್ಲ. ಬೇಡ ಅಂತ ತೆಗೆಸಿದ್ದು ನಾನೇ. “ಒಬ್ಬೊಬ್ಬರೂ ಕೈಯಾಡಿಸಿದರೆ ಲೆಕ್ಕ ಕೆಡುತ್ತೆ” ಅಂತ ಮೀಟಿಂಗಿನಲ್ಲಿ ವಾದಿಸಿದ್ದೆ.

ತಿಂಗಳ ಕೊನೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಹಾಸನದ ಹೆಸರು ಕೆಂಪಾಗಿತ್ತು: ‘ಸ್ಟಾಕ್ ಖಾಲಿ’. ಹಬ್ಬದ ತಿಂಗಳ ಇನ್ಸೆಂಟಿವ್ ಅವರಿಗೆ ಕಟ್ ಆಯ್ತು. ತಪ್ಪು ನಮ್ಮದು ಅಂತ ಮೇಲ್ ಹಾಕಿದೆ. ‘ಆ ತಿಂಗಳ ಲೆಕ್ಕ ಕ್ಲೋಸ್ ಆಗಿದೆ’ ಅಂತ ಉತ್ತರ ಬಂತು. ಫೋನ್ ಮಾಡಿ ಸಾರಿ ಕೇಳಿದಾಗ ಅವರು ಅಂದಿದ್ದು ಇಷ್ಟೇ, “ಹೋಗ್ಲಿ ಬಿಡಿ ಮೇಡಂ.” ಬೈದಿದ್ದರೆ ಸಮಾಧಾನ ಆಗ್ತಿತ್ತೇನೋ.

ಹಾಗಾದರೆ ಟ್ರಯಲ್ ಗೆದ್ದದ್ದು ಹೇಗೆ?

ಹಬ್ಬ ಮುಗಿದ ಮೇಲೆ ಈ ಪ್ರಶ್ನೆ ಹಿಡಿದು ಕೂತೆ. ಉತ್ತರ ನನ್ನ ಸೀಟಿನಿಂದ ಎರಡು ಟೇಬಲ್ ಆಚೆ ಇತ್ತು.

ಅಕೌಂಟ್ಸ್‌ನ ಒಬ್ಬ ಅಕ್ಕ ಟ್ರಯಲ್ ನಡೆದ ಎಂಟೂ ವಾರ ಪ್ರತಿ ರಾತ್ರಿ ಮೂರು ಅಂಗಡಿಗಳ ಫೈಲ್ ತೆರೆದು ಕೈಯಲ್ಲೇ ಸರಿ ಮಾಡ್ತಿದ್ದರು. ಒಂದು ಅಂಗಡಿಯವರು ಮೊಸರನ್ನು ಕ್ರೇಟ್ ಲೆಕ್ಕದಲ್ಲಿ ಬರೆದರೆ ಇನ್ನೊಬ್ಬರು ಪ್ಯಾಕೆಟ್ ಲೆಕ್ಕದಲ್ಲಿ. ಹೆಸರುಬೇಳೆ ಒಂದು ಕಡೆ ‘ಹೆಸರುಬೇಳೆ’, ಇನ್ನೊಂದು ಕಡೆ ‘ಮೂಂಗ್ ದಾಲ್’, ಮತ್ತೊಂದು ಕಡೆ ಬರೀ ‘ಎಂ.ಡಿ. 1 ಕೆ.ಜಿ.’ 5/6 ಅಂದರೆ ಜೂನ್ 5ಓ, ಮೇ 6ಓ? ಮೂರು ಅಂಗಡಿಗೆ ದಿನಕ್ಕೆ ನಲವತ್ತು ನಿಮಿಷ ಹಿಡೀತಿತ್ತು. ಅದೇ ಲೆಕ್ಕದಲ್ಲಿ ಅರವತ್ತು ಅಂಗಡಿಗೆ ಹದಿಮೂರು ಗಂಟೆ ಮೀರುತ್ತೆ.

“ನಂಗೆ ಯಾಕೆ ಹೇಳಲಿಲ್ಲ ಅಕ್ಕ?” ಅಂದೆ.

“ನೀನು ಕೇಳಲೇ ಇಲ್ವಲ್ಲಮ್ಮ.”

ನಮ್ಮ ಪಿಪಿಟಿಯಲ್ಲಿ ‘ಪೂರ್ತಿ ಆಟೊಮ್ಯಾಟಿಕ್’ ಅಂತ ದೊಡ್ಡದಾಗಿ ಬರೆದಿತ್ತು.

ಇನ್ನೂ ಒಂದಿದೆ. ಆ ಮೂರೂ ಮ್ಯಾನೇಜರ್‌ಗಳ ಹತ್ತಿರ ನನ್ನ ನಂಬರ್ ಇತ್ತು. “ನಾಳೆ ಪಕ್ಕದ ಛತ್ರದಲ್ಲಿ ಮದುವೆ ಇದೆ, ಮೊಸರು ಜಾಸ್ತಿ ಬೇಕು” ಅಂದರೆ ನಾನೇ ಅಂಕಿ ಬದಲಿಸುತ್ತಿದ್ದೆ. ಹಾಸನದವರ ಹತ್ತಿರ ಇದ್ದದ್ದು ಹೆಲ್ಪ್‌ಡೆಸ್ಕ್ ನಂಬರ್. ಟ್ರಯಲ್ ಅನ್ನು ಎತ್ತಿ ನಿಲ್ಲಿಸಿದ್ದು ಈ ನಾಲ್ಕು ಜನ. ಅರವತ್ತು ಅಂಗಡಿಗೆ ಹೊರಟಾಗ ನಾವು ಕೋಡ್ ತೆಗೆದುಕೊಂಡು ಹೋದೆವು, ಇವರನ್ನು ಬಿಟ್ಟು ಹೋದೆವು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಸಿನಿಮಾ ರೇಟಿಂಗ್ ಊಹಿಸುವ ಸ್ಪರ್ಧೆಯನ್ನು ನೆಟ್‌ಫ್ಲಿಕ್ಸ್ 2006ರಲ್ಲಿ ಶುರು ಮಾಡಿ, 2009ರಲ್ಲಿ ಗೆದ್ದ ತಂಡಕ್ಕೆ 10 ಲಕ್ಷ ಡಾಲರ್ ಕೊಟ್ಟಿತು. ಆದರೆ ಕೊನೆಗೆ ಗೆದ್ದ ಆ ಮಾಡೆಲನ್ನು ಕೆಲಸಕ್ಕೆ ಹಚ್ಚಲಿಲ್ಲ. ಸಿಗುವ ಲಾಭಕ್ಕೆ ಹೋಲಿಸಿದರೆ ಅದನ್ನು ಅಳವಡಿಸುವ ಶ್ರಮವೇ ಹೆಚ್ಚು ಅಂತ 2012ರಲ್ಲಿ ಅವರೇ ಬರೆದುಕೊಂಡರು. ಗೂಗಲ್ ಎಂಜಿನಿಯರ್‌ಗಳ 2015ರ ಪ್ರಬಂಧವೊಂದು ಹೇಳೋದೂ ಇದನ್ನೇ: ಇಂಥ ಸಿಸ್ಟಮ್‌ಗಳಲ್ಲಿ ಮಾಡೆಲ್‌ನ ಕೋಡ್ ಒಂದು ಚಿಕ್ಕ ಭಾಗ. ಡೇಟಾ ತರೋದು, ಪರೀಕ್ಷಿಸೋದು, ನಿಗಾ ಇಡೋದು, ಇವೇ ಬಹುಪಾಲು.

ಎರಡನೇ ಸಲ

ಮೂರು ತಿಂಗಳು ಟೈಮ್ ಬೇಕು ಅಂತ ಕೇಳಿದೆ. ಬಾಸ್ ಮುಖ ಗಂಟಿಕ್ಕಿದರು. ಅಕ್ಕನ ಹದಿಮೂರು ಗಂಟೆಯ ಲೆಕ್ಕ ತೋರಿಸಿದ ಮೇಲೆ ಒಪ್ಪಿದರು.

ಮೊದಲು ಅಕ್ಕನ ಪಕ್ಕ ಕೂತು, ಅವರು ಏನೇನು ಸರಿ ಮಾಡ್ತಾರೋ ಒಂದೊಂದನ್ನೂ ಬರೆದುಕೊಂಡೆವು. ಅದೇ ನಮ್ಮ ನಿಯಮಗಳ ಪಟ್ಟಿ ಆಯ್ತು. ಈಗ ಪ್ರತಿ ಐಟಮ್‌ಗೂ ಒಂದೇ ಕೋಡ್, ಒಂದೇ ಅಳತೆ. ತಪ್ಪಿದ್ದರೆ ಅಂಗಡಿಯ ಸ್ಕ್ರೀನಿನಲ್ಲೇ ನಿಲ್ಲುತ್ತೆ, ರಾತ್ರಿ ಯಾರೂ ಕೂತು ತಿದ್ದಬೇಕಿಲ್ಲ.

ಆಮೇಲೆ ಮ್ಯಾನೇಜರ್‌ಗಳಿಗೆ ಬಟನ್ ಕೊಟ್ಟೆವು. ಅಂಕಿ ಬದಲಿಸಬಹುದು, ಕಾರಣ ಬರೆದರೆ ಸಾಕು. ಆ ಕಾರಣಗಳಿಂದಲೇ ಊರೂರಿನ ಜಾತ್ರೆ, ಸಂತೆ, ತೇರಿನ ಪಟ್ಟಿ ಬೆಳೆಯಿತು. ಹಬ್ಬದ ದಿನವನ್ನು ಪಂಚಾಂಗ ನೋಡಿ ಹಾಕಿದೆವು. ದೀಪಾವಳಿ 2023ರಲ್ಲಿ ನವೆಂಬರ್ ಎರಡನೇ ವಾರ ಬಂದರೆ 2025ರಲ್ಲಿ ಅಕ್ಟೋಬರ್ ಮೂರನೇ ವಾರ ಬಂತು. ಕ್ಯಾಲೆಂಡರ್ ತಾರೀಕು ನಂಬಿದರೆ ಕೆಟ್ಟೆವು.

ಹೊಸ ಊರಿಗೆ ಹೋದಾಗ ಆರು ವಾರ ಸಿಸ್ಟಮ್ ಸುಮ್ಮನೆ ಲೆಕ್ಕ ಹಾಕುತ್ತೆ, ಆರ್ಡರ್ ಮಾತ್ರ ಮ್ಯಾನೇಜರದ್ದೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀವಿ. ಬೆಳಗಿನ ಜಾವ ಫೈಲ್ ಬರದಿದ್ದರೆ ಯಾರು ಏಳಬೇಕು ಅನ್ನೋದಕ್ಕೂ ಒಬ್ಬರ ಹೆಸರಿದೆ. ಮೊದಲ ಮೂರು ತಿಂಗಳ ಅಂಕಿ ಯಾರ ಇನ್ಸೆಂಟಿವ್‌ಗೂ ತಾಗಬಾರದು ಅಂತ ಲಿಖಿತವಾಗಿ ಬರೆಸಿಕೊಂಡೆ. ಈ ಪ್ರಾಜೆಕ್ಟಿನಲ್ಲಿ ನಾನು ಹಟ ಹಿಡಿದು ಮಾಡಿಸಿದ್ದು ಇದೊಂದೇ.

ಮುಂದಿನ ದೀಪಾವಳಿಗೆ ಹಾಸನದಿಂದ ಮತ್ತೆ ಫೋನ್ ಬಂತು. ಎದೆ ಧಸಕ್ಕೆಂದಿತು.

“ಮೇಡಂ, ಈ ಸಲ ನಿಮ್ಮ ಕಂಪ್ಯೂಟರ್ರೇ ನೀರಿನ ಬಾಟಲಿ ಜಾಸ್ತಿ ಹಾಕಿದೆ. ಆದ್ರೂ ಮೊಸರು ಸಾಲಲ್ಲ, ಇನ್ನೂ ನೂರು ಸೇರಿಸಿದ್ದೀನಿ, ನೋಡಿ.”

ನೋಡಿದೆ. ಕಾರಣದ ಜಾಗದಲ್ಲಿ ಬರೆದಿದ್ದರು: ‘ಕ್ಯೂ ಬೈಪಾಸ್‌ವರೆಗೂ ಇದೆ.’ ಯಾವ ಬಿಲ್‌ನಲ್ಲೂ ಸಿಗದ ಮಾಹಿತಿ ಅದು.

ನಿಮ್ಮ ಆಫೀಸಿನಲ್ಲೂ ಯಾವುದಾದರೂ ಟ್ರಯಲ್ ಗೆದ್ದು ಕೇಕ್ ಕಟ್ ಆಗುತ್ತಿದೆಯಾ? ಒಂದು ತುಂಡು ಎತ್ತಿಟ್ಟುಕೊಳ್ಳಿ. ರಾತ್ರಿ ಯಾರು ಕೂತು ಫೈಲ್ ಸರಿ ಮಾಡ್ತಿದ್ದಾರೆ ಅಂತ ಹುಡುಕಿ ಅವರಿಗೆ ಕೊಡಿ. ಹಾಗೇ ಪಕ್ಕದಲ್ಲಿ ಕೂತು ಕೇಳಿ, ಅವರು ದಿನಾ ಏನು ಮಾಡ್ತಾರೆ ಅಂತ.